ಮೂರನೆಯ ಆಸನದಲ್ಲಿ ಕುಳಿತವನು

(ಹಗುರ ಬಾಂಬರು ವಿಮಾನಗಳ ಯುದ್ಧನಷ್ಟ ಮತ್ತು ತರಬೇತಿಯ ಅಪಘಾತಗಳನ್ನು ಕುರಿತು ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದಲ್ಲಿ ಓದಿದ ಕೆಲವರು ನನ್ನನ್ನು ದಾರಿಯಲ್ಲೇ ತಡೆದು, “ದೋಸೆ ಹುಯ್ಯುವವರಿಗೂ ಗಿರಣಿಯವರಿಗೂ ಯುದ್ಧವಿಮಾನದ ಗೊಡವೆ ಏತಕ್ಕಪ್ಪಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಏಳನೆಯ ಇಯತ್ತೆ ಓದಿ ಹೋಟೆಲಿಗೆ ಸೇರಿದವನು. ಸೈನಿಕನಲ್ಲ, ಇಂಜಿನಿಯರನೂ ಅಲ್ಲ. ಆದರೂ ಈ ವಿಷಯವನ್ನು ಓದುತ್ತ ಹೋದಂತೆ ನನಗೆ ಒಂದು ಮಾತು ಸ್ಪಷ್ಟವಾಯಿತು. ವಿಮಾನವೂ ಒಂದು ಕೆಲಸದ ಜಾಗ. ಅದರೊಳಗೆ ಕುಳಿತವರೂ ಸಂಬಳಕ್ಕೆ ದುಡಿದವರು. ಅವರಿಗೂ ಪಾಳಿ ಇತ್ತು, ಮೇಲಿನವರ ಅಪ್ಪಣೆ ಇತ್ತು, ಕೆಲಸ ಕಲಿಯುವ ಕಾಲವಿತ್ತು, ಕಲಿಯುವಾಗಲೇ ಆಗುವ ಅಪಘಾತವಿತ್ತು. ಸತ್ತ ಮೇಲೆ ಯಾರ ಹೆಸರು ಮೇಲೆ ಬಂತು, ಯಾರ ಹೆಸರು ಕೆಳಗೇ ಉಳಿಯಿತು ಎಂಬ ಲೆಕ್ಕವೂ ಇತ್ತು. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುವುದೇ ನನ್ನ ಉದ್ದೇಶ.

ಮೊದಲು ಹಗುರ ಬಾಂಬರು ಎಂದರೇನೆಂದು ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬು ಹಾಕುವ ವಿಮಾನಗಳಲ್ಲಿ ದೊಡ್ಡವು ಇದ್ದವು, ಸಣ್ಣವು ಇದ್ದವು. ದೊಡ್ಡದಕ್ಕೆ ನಾಲ್ಕು ಇಂಜಿನು, ಏಳೆಂಟು ಜನ. ಹಗುರ ಬಾಂಬರಿಗೆ ಒಂದೋ ಎರಡೋ ಇಂಜಿನು, ಇಬ್ಬರು ಅಥವಾ ಮೂವರು ಜನ. ಬ್ರಿಟಿಷರ ಬ್ಲೆನ್‌ಹೈಮ್ ವಿಮಾನದಲ್ಲಿ ಮೂವರು. ಮುಂದೆ ಚಾಲಕ, ಅಂದರೆ ಪೈಲಟ್. ಅವನ ಬಳಿ ನಕಾಶೆ ನೋಡಿ ದಾರಿ ಹೇಳುವವನು. ಗುರಿ ನೋಡಿ ಬಾಂಬು ಬಿಡುವುದೂ ಅವನ ಕೆಲಸ. ಹಿಂದೆ, ಇಬ್ಬರಿಗೂ ಬೆನ್ನು ಮಾಡಿ, ಒಂದು ಗಾಜಿನ ಗೂಡಿನಲ್ಲಿ ಮೂರನೆಯವನು. ಅವನು ನಿಸ್ತಂತು ಯಂತ್ರವನ್ನೂ ನಡೆಸಬೇಕು, ಹಿಂದಿನಿಂದ ಬರುವ ಶತ್ರುವಿಗೆ ಬಂದೂಕನ್ನೂ ಹಾರಿಸಬೇಕು. ವಿಮಾನ ಎತ್ತ ಹೋಗಬೇಕು, ಯಾವಾಗ ತಿರುಗಬೇಕು ಎಂಬುದರಲ್ಲಿ ಅವನ ಮಾತು ನಡೆಯುವುದಿಲ್ಲ. ಶತ್ರುವನ್ನು ಮೊದಲು ಕಾಣುವವನು ಮಾತ್ರ ಅವನೇ. ಈ ಮೂರನೆಯವನನ್ನು ನೀವು ನೆನಪಿನಲ್ಲಿಡಬೇಕು.

ಇಂಥ ವಿಮಾನವನ್ನು ಕಟ್ಟಿದ್ದು ಒಂದು ಲೆಕ್ಕಾಚಾರದ ಮೇಲೆ. 1934ರಲ್ಲಿ ‘ಡೈಲಿ ಮೈಲ್’ ಪತ್ರಿಕೆಯ ಒಡೆಯ ಲಾರ್ಡ್ ರಾದರ್‌ಮಿಯರ್ ತನ್ನ ಸ್ವಂತಕ್ಕೆ ಒಂದು ವೇಗದ ವಿಮಾನ ಬೇಕೆಂದು ಬ್ರಿಸ್ಟಲ್ ಕಂಪನಿಗೆ ಹೇಳಿದ. 1935ರ ಏಪ್ರಿಲ್‌ನಲ್ಲಿ ಅದು ಹಾರಿತು. ಪರೀಕ್ಷೆಯಲ್ಲಿ ಗಂಟೆಗೆ 307 ಮೈಲಿ ಓಡಿತು. ಆ ದಿನ ಬ್ರಿಟಿಷ್ ವಾಯುಪಡೆಯ ಬಳಿ ಇದ್ದ ಕಾಳಗದ ವಿಮಾನಗಳಿಗೆ ಈ ವೇಗವಿರಲಿಲ್ಲ. ಅಧಿಕಾರಿಗಳು ಬೆರಗಾದರು. ಇದನ್ನೇ ಬಾಂಬರು ಮಾಡಿದರೆ ಯಾವ ಶತ್ರುವೂ ಹಿಡಿಯಲಾರ, ಹಿಡಿಯಲಾರನೆಂದ ಮೇಲೆ ಹೆಚ್ಚು ಬಂದೂಕೇಕೆ, ಹೆಚ್ಚು ಉಕ್ಕಿನ ಹೊದಿಕೆಯೇಕೆ ಎಂದು ಯೋಚಿಸಿದರು. 1937ರಲ್ಲಿ ಬ್ಲೆನ್‌ಹೈಮ್ ವಾಯುಪಡೆಗೆ ಸೇರಿತು. ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾದವು.

ಈ ಲೆಕ್ಕ 1935ಕ್ಕೆ ಸರಿಯಾಗಿತ್ತು, 1939ಕ್ಕೆ ಸರಿಯಾಗಿರಲಿಲ್ಲ. ಬಾಂಬು, ಬಂದೂಕು, ಮೂರು ಜನ, ಪೆಟ್ರೋಲು ಎಲ್ಲವನ್ನೂ ತುಂಬಿದ ಮೇಲೆ ಬ್ಲೆನ್‌ಹೈಮ್‌ನ ವೇಗ ಗಂಟೆಗೆ 266 ಮೈಲಿಗೆ ಇಳಿಯಿತು. ಅಷ್ಟರಲ್ಲಿ ಜರ್ಮನರು ಮೆಸರ್‌ಸ್ಮಿಟ್ 109 ಎಂಬ ಕಾಳಗದ ವಿಮಾನ ತಂದಿದ್ದರು. ಅದರ ವೇಗ 350 ಮೈಲಿಯ ಹತ್ತಿರ. ಹಿಡಿಯಲಾರರು ಎಂದು ಕಟ್ಟಿದ ವಿಮಾನವನ್ನು ಹಿಂದಿನಿಂದ ಬಂದು ಸಲೀಸಾಗಿ ಹಿಡಿಯಬಹುದಾಗಿತ್ತು. ಲೆಕ್ಕ ಬದಲಾಯಿತು, ವಿಮಾನ ಬದಲಾಗಲಿಲ್ಲ. ಕಟ್ಟಿದ್ದಾಗಿದೆ, ಬೇರೆಯದು ಕೈಯಲ್ಲಿಲ್ಲ, ಇರುವುದರಲ್ಲೇ ಹೋಗಿ ಎಂದರು.

ಯುದ್ಧ ಘೋಷಣೆಯಾದದ್ದು 1939ರ ಸೆಪ್ಟೆಂಬರ್ 3ರಂದು. ಮರುದಿನವೇ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನ ಯುದ್ಧನೌಕೆಗಳ ಮೇಲೆ 15 ಬ್ಲೆನ್‌ಹೈಮ್‌ಗಳನ್ನು ಕಳುಹಿಸಿದರು. ಮೋಡ ಕವಿದಿತ್ತು. ಐದು ವಿಮಾನಗಳಿಗೆ ದಾರಿಯೇ ಸಿಗಲಿಲ್ಲ. ಗುರಿ ಮುಟ್ಟಿದ ಹತ್ತರಲ್ಲಿ ಐದು ಮರಳಲಿಲ್ಲ. ಅವುಗಳಲ್ಲಿ ನಾಲ್ಕು ಒಂದೇ ದಳದವು. ನೌಕೆಗೆ ಬಡಿದ ಬಾಂಬುಗಳು ಸಿಡಿಯದೆ ಪುಟಿದು ಹೋದವು.

ಮರು ವರ್ಷದ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ದೇಶಗಳ ಮೇಲೆ ನುಗ್ಗಿದರು. ಆಗ ಫ್ರಾನ್ಸಿನಲ್ಲಿ ಬ್ರಿಟಿಷರ ಇನ್ನೊಂದು ಹಗುರ ಬಾಂಬರು ಇತ್ತು. ಅದರ ಹೆಸರು ಫೇರಿ ಬ್ಯಾಟಲ್. ಒಂದೇ ಇಂಜಿನು. ಅದೇ ಇಂಜಿನು ಸ್ಪಿಟ್‌ಫೈರ್ ಎಂಬ ಕಾಳಗದ ವಿಮಾನದಲ್ಲಿ ಒಬ್ಬನನ್ನು ಹೊರುತ್ತಿತ್ತು. ಬ್ಯಾಟಲ್‌ನಲ್ಲಿ ಮೂವರನ್ನೂ ಸಾವಿರ ಪೌಂಡು ಬಾಂಬನ್ನೂ ಹೊರಬೇಕಾಗಿತ್ತು. ಒಂದೇ ಒಲೆಯ ಮೇಲೆ ಹತ್ತು ಜನರ ಅಡಿಗೆಯನ್ನೂ ನೂರು ಜನರ ಅಡಿಗೆಯನ್ನೂ ಅದೇ ಹೊತ್ತಿಗೆ ಇಳಿಸು ಎಂದರೆ ಹೇಗೋ ಹಾಗೆ. ಮೇ 14ರಂದು ಸೆಡಾನ್ ಎಂಬ ಊರಿನ ಬಳಿ ಶತ್ರು ಕಟ್ಟಿದ ಸೇತುವೆಗಳನ್ನು ಒಡೆಯಲು 63 ಬ್ಯಾಟಲ್‌ಗಳು ಹೋದವು. 35 ಹಿಂದಿರುಗಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಅರ್ಧಕ್ಕಿಂತ ಹೆಚ್ಚು.

ಬ್ಲೆನ್‌ಹೈಮ್‌ಗಳ ಗತಿ ಇನ್ನೂ ಕಷ್ಟವಾಯಿತು. ಮೇ 17ರಂದು 82ನೆಯ ದಳದ 12 ಬ್ಲೆನ್‌ಹೈಮ್‌ಗಳು ಬೆಲ್ಜಿಯಂನ ಜಾಂಬ್ಲೂ ಎಂಬಲ್ಲಿಗೆ ಹೋದವು. ಕಾವಲಿಗೆ ಬರಬೇಕಾಗಿದ್ದ ಕಾಳಗದ ವಿಮಾನಗಳು ಸಿಗಲಿಲ್ಲ. 12ರಲ್ಲಿ ಮರಳಿದ್ದು ಒಂದೇ ಒಂದು. ದಳವನ್ನೇ ಮುಚ್ಚಿಬಿಡುವ ಮಾತು ಬಂತು. ಅದರ ಮುಖ್ಯಸ್ಥ ಬ್ಯಾಂಡನ್ ಎಂಬವನು ಹಟ ಹಿಡಿದು ಹೊಸಬರನ್ನು ಸೇರಿಸಿ ಮತ್ತೆ ಕಟ್ಟಿದ. ಮೂರೇ ತಿಂಗಳು. ಆಗಸ್ಟ್ 13ರಂದು ಅದೇ ದಳದ 12 ವಿಮಾನಗಳನ್ನು ಡೆನ್ಮಾರ್ಕಿನ ಆಲ್‌ಬೋರ್ಗ್ ನಿಲ್ದಾಣದ ಮೇಲೆ ಕಳುಹಿಸಿದರು. ಒಂದು ವಿಮಾನ ಪೆಟ್ರೋಲು ಸಾಲದೆಂದು ನಡುದಾರಿಯಿಂದ ಹಿಂದಿರುಗಿತು. ಉಳಿದ ಹನ್ನೊಂದೂ ಬಿದ್ದವು. ಅವುಗಳಲ್ಲಿದ್ದ 33 ಜನರಲ್ಲಿ 20 ಜನ ಸತ್ತರು, 13 ಜನ ಸೆರೆಯಾದರು. ಹಿಂದಿರುಗಿ ಬಂದವನ ಮೇಲೆ ವಿಚಾರಣೆಯ ಮಾತೆದ್ದಿತು. ಒಂದೇ ದಳ ಮೂರು ತಿಂಗಳಲ್ಲಿ ಎರಡು ಸಲ ಅಳಿಯಿತು.

ಇಲ್ಲಿ ನಾನು ಒಂದು ಮಾತನ್ನು ಬಿಡಿಸಿ ಹೇಳಬೇಕು. ಆ ಯುದ್ಧ ಬೇಕಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹಿಟ್ಲರನ ಸೈನ್ಯ ಮುಂದೊತ್ತಿ ಬರುವಾಗ ಸೇತುವೆ ಒಡೆಯಲು ಯಾರಾದರೂ ಹೋಗಲೇಬೇಕಾಗಿತ್ತು. ಹೋದವರು ತಿಳಿದೇ ಹೋದರು. ಅವರ ಧೈರ್ಯ ದೊಡ್ಡದು. ಆದರೆ ಹೋದವರ ಧೈರ್ಯವನ್ನು ತೋರಿಸಿ ಕಳುಹಿಸಿದವರ ಲೆಕ್ಕದ ತಪ್ಪನ್ನು ಮುಚ್ಚಬಾರದು. ಈ ಎರಡನ್ನೂ ಬೇರೆ ಬೇರೆ ತೂಗಬೇಕು.

ಈಗ ಮೂರನೆಯವನ ವಿಷಯಕ್ಕೆ ಬರುತ್ತೇನೆ. 1940ರ ಮೇ 12ರಂದು ಹಾಲೆಂಡಿನ ಮಾಸ್ಟ್ರಿಕ್ಟ್ ಬಳಿಯ ಎರಡು ಸೇತುವೆಗಳ ಮೇಲೆ 12ನೆಯ ದಳದ ಬ್ಯಾಟಲ್‌ಗಳು ಹೋಗಬೇಕಾಯಿತು. ಸ್ವಂತ ಇಚ್ಛೆಯಿಂದ ಯಾರು ಬರುತ್ತೀರಿ ಎಂದು ಕೇಳಿದಾಗ ಇಡೀ ದಳವೇ ಮುಂದೆ ಬಂತು. ಐದು ವಿಮಾನ ಹಾರಿದವು, ಐದೂ ನಾಶವಾದವು. ಅವುಗಳಲ್ಲಿ ಒಂದರ ಪೈಲಟ್ ಡೊನಾಲ್ಡ್ ಗಾರ್ಲಂಡ್, ವಯಸ್ಸು 21. ದಾರಿ ಹೇಳುವವನು ಸಾರ್ಜೆಂಟ್ ಥಾಮಸ್ ಗ್ರೇ, ವಯಸ್ಸು 25. ಹಿಂದಿನ ಬಂದೂಕಿನಲ್ಲಿ ಕುಳಿತವನು ಲಾರೆನ್ಸ್ ರೆನಾಲ್ಡ್ಸ್, ವಯಸ್ಸು 20. ಮೂವರೂ ಒಂದೇ ವಿಮಾನದಲ್ಲಿ ಹೋದರು, ಒಂದೇ ಗುಂಡಿನ ಮಳೆಯಲ್ಲಿ ಇಳಿದರು, ಒಂದೇ ಕ್ಷಣದಲ್ಲಿ ಸತ್ತರು.

ಗಾರ್ಲಂಡನಿಗೂ ಗ್ರೇಗೂ ಬ್ರಿಟಿಷರ ಅತಿ ದೊಡ್ಡ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಆ ಯುದ್ಧದಲ್ಲಿ ವಾಯುಪಡೆಗೆ ಪ್ರಕಟವಾದ ಮೊದಲ ವಿಕ್ಟೋರಿಯಾ ಕ್ರಾಸ್‌ಗಳು ಅವೇ. ರೆನಾಲ್ಡ್ಸ್‌ಗೆ ಏನೂ ಬರಲಿಲ್ಲ. ಏಕೆ? ಅವನು ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿ ಇರಲಿಲ್ಲ ಎಂಬುದೇ ಅದಕ್ಕೆ ಹೇಳುವ ಕಾರಣ. ಅಣ್ಣಂದಿರೇ, ಈ ಕಾರಣವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೊರಳಿಸಿ ನೋಡಿ. ತಿರುಗಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಅವನಿಗಿರಲಿಲ್ಲ. ಅಧಿಕಾರವಿಲ್ಲದ ಕಾರಣ ಅವನ ಸಾವು ಶೌರ್ಯದ ಪಟ್ಟಿಗೆ ಸೇರಲಿಲ್ಲ. ಬೆನ್ನು ಮುಂದೆ ಮಾಡಿ ಕುಳಿತು, ಏನಾಗುತ್ತಿದೆ ಎಂದು ಕಾಣದೆ, ಇನ್ನೊಬ್ಬರ ಕೈಯಲ್ಲಿ ಜೀವವಿಟ್ಟು ತನ್ನ ಬಂದೂಕನ್ನು ಬಿಡದೆ ಕೂರುವುದಕ್ಕೆ ಬೇರೆ ಧೈರ್ಯವೇ ಬೇಕು. ಅದಕ್ಕೆ ಪದಕವಿರಲಿಲ್ಲ.

ರೆನಾಲ್ಡ್ಸ್‌ನ ದರ್ಜೆಯನ್ನೂ ತಿಳಿಯಿರಿ. ಅವನು ಲೀಡಿಂಗ್ ಏರ್‌ಕ್ರಾಫ್ಟ್‌ಮನ್, ಅಂದರೆ ನಿಲ್ದಾಣದ ಕಸುಬುದಾರರ ದರ್ಜೆಯವನು. ಯುದ್ಧದ ಮೊದಲ ತಿಂಗಳುಗಳಲ್ಲಿ ಹಿಂದಿನ ಬಂದೂಕಿಗೆ ಇಂಥವರನ್ನೇ ಕೂರಿಸುತ್ತಿದ್ದರು. ನೆಲದ ಮೇಲೆ ಯಂತ್ರದ ಕೆಲಸ, ಕರೆದಾಗ ಆಕಾಶದಲ್ಲಿ ಬಂದೂಕಿನ ಕೆಲಸ. ಹಾರಿದ ದಿನಕ್ಕೆ ಕೆಲವು ಪೆನ್ನಿ ಹೆಚ್ಚು. 1940ರ ಮಧ್ಯಭಾಗದಲ್ಲಿ, ಇಷ್ಟೊಂದು ಜನ ಸತ್ತ ಮೇಲೆ, ಹಾರುವವರೆಲ್ಲರಿಗೂ ಕನಿಷ್ಠ ಸಾರ್ಜೆಂಟ್ ದರ್ಜೆ ಕೊಡಬೇಕೆಂದು ನಿಯಮ ಮಾಡಿದರು. ಬೆಲ್ಜಿಯಂನ ಹೆವರ್ಲಿ ಎಂಬಲ್ಲಿನ ಯುದ್ಧ ಸ್ಮಶಾನದಲ್ಲಿ ಆ ಮೂವರೂ ಮಲಗಿದ್ದಾರೆ. ಕಲ್ಲಿನ ಅಳತೆ ಮೂವರಿಗೂ ಒಂದೇ. ಕೆತ್ತಿದ ಗುರುತು ಮಾತ್ರ ಬೇರೆ.

ಯುದ್ಧದಲ್ಲಿ ಬಿದ್ದವರ ಮಾತಾಯಿತು. ಶತ್ರುವಿನ ಮುಖವನ್ನೇ ಕಾಣದೆ ಸತ್ತವರು ಇನ್ನೊಂದು ಗುಂಪು. ಅವರು ಕಲಿಯುವಾಗ ಸತ್ತವರು.

ಯುದ್ಧಕ್ಕೆ ಮೊದಲು ಬ್ರಿಟಿಷ್ ಬಾಂಬರು ಪಡೆಗೆ ಲಡ್‌ಲೋ ಹ್ಯೂಯಿಟ್ ಎಂಬ ಮುಖ್ಯಸ್ಥನಿದ್ದ. ನಮ್ಮ ಹುಡುಗರಿಗೆ ದಾರಿ ಹುಡುಕಲು ಬರುವುದಿಲ್ಲ, ಇದ್ದ ಹಾಗೆ ಯುದ್ಧಕ್ಕೆ ಹೋದರೆ ಕೆಲವೇ ವಾರಗಳಲ್ಲಿ ಪಡೆ ಮುಗಿದುಹೋಗುತ್ತದೆ ಎಂದು ಅವನು ಮೇಲಿನವರಿಗೆ ಮೊದಲೇ ಬರೆದಿದ್ದ. ಅದು ಸುಳ್ಳು ಹೆದರಿಕೆಯಾಗಿರಲಿಲ್ಲ. ಯುದ್ಧಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ಸ್ವಂತ ದೇಶದ ಮೇಲೆ ಅಭ್ಯಾಸಕ್ಕೆ ಹಾರುತ್ತ ದಾರಿ ತಪ್ಪಿ ಸಿಕ್ಕಲ್ಲಿ ಇಳಿದ ಪ್ರಸಂಗಗಳು 478. ಸೈನ್ಯದ ಒಂದು ಭಾಗವನ್ನು ಕಾಳಗಕ್ಕೆ ಕಳುಹಿಸದೆ ಕಲಿಸುವ ಕೆಲಸಕ್ಕೆ ಮೀಸಲಿಡಬೇಕೆಂದು ಅವನು ಹಟ ಹಿಡಿದ. ಕಾಳಗದ ಬಲ ಕಡಿಮೆಯಾಗುತ್ತದೆಂದು ಗೊಣಗಿದವರು ಇದ್ದರು. 1940ರ ಏಪ್ರಿಲ್‌ನಲ್ಲಿ ಅವನ ಜಾಗಕ್ಕೆ ಬೇರೊಬ್ಬರು ಬಂದರು. ಆದರೆ ಅವನು ಹೇಳಿದ ತರಬೇತಿ ಘಟಕಗಳು ನಿಂತವು. ಬ್ಲೆನ್‌ಹೈಮ್ ಕಲಿಸಲು ಬಿಸೆಸ್ಟರ್‌ನಲ್ಲಿ ಒಂದು, ಅಪ್‌ವುಡ್‌ನಲ್ಲಿ ಒಂದು.

ಈ ಘಟಕಗಳಿಗೆ ಬರುವ ಹುಡುಗರು ಅಲ್ಲಿಯವರೆಗೆ ನಿಧಾನವಾದ, ಸಾಧುವಾದ ವಿಮಾನಗಳಲ್ಲಿ ಕಲಿತವರು. ಬ್ಲೆನ್‌ಹೈಮ್ ವೇಗದ ವಿಮಾನ, ಎರಡು ಇಂಜಿನಿನದು. ಎರಡು ಇಂಜಿನಿದ್ದರೆ ಒಂದು ಹೋದರೂ ಇನ್ನೊಂದಿದೆ ಎಂದು ನಾವು ತಿಳಿಯುತ್ತೇವೆ. ನೆಲದಿಂದ ಏಳುವ ಹೊತ್ತಿನಲ್ಲಿ ಸಂಗತಿ ಹಾಗಿರಲಿಲ್ಲ. ಇಬ್ಬರು ಸೇರಿ ಮೂಟೆಯ ಕೈಗಾಡಿ ತಳ್ಳುವಾಗ ಒಬ್ಬ ತಟ್ಟನೆ ಕೈಬಿಟ್ಟರೆ ಗಾಡಿ ಮುಂದೆ ಹೋಗದು, ಅವನ ಕಡೆಗೇ ತಿರುಗುತ್ತದೆ. ವಿಮಾನವೂ ಹಾಗೆ. ವೇಗ ಇನ್ನೂ ಕೂಡಿರುವುದಿಲ್ಲ, ಎತ್ತರವೂ ಇರುವುದಿಲ್ಲ. ಸತ್ತ ಇಂಜಿನಿನ ಕಡೆಗೆ ಮೂತಿ ಹೊರಳುತ್ತದೆ, ಆ ಕಡೆಯ ರೆಕ್ಕೆ ಬೀಳುತ್ತದೆ. ಪೈಲಟನಿಗೆ ಸಿಗುವುದು ಕೆಲವು ಕ್ಷಣ. ನುರಿತವನು ಸರಿಪಡಿಸಿಯಾನು. ಕಲಿಯುವವನು ಮಗುಚುತ್ತಿದ್ದ.

ಯಂತ್ರವನ್ನು ಮಾಡಿದ ರೀತಿಯೂ ಕಲಿಯುವವನ ಮೇಲೆ ಹೊರೆ ಹಾಕಿತ್ತು. ಬ್ಲೆನ್‌ಹೈಮ್‌ನಲ್ಲಿ ಪಂಖದ ಅಲಗಿನ ಕೋನ ಬದಲಿಸುವ ಗುಂಡಿಗಳು ಪೈಲಟನ ಬೆನ್ನ ಹಿಂದಿದ್ದವು. ಇಂಜಿನಿಗೆ ಪೆಟ್ರೋಲು ನಿಲ್ಲಿಸುವ ಗುಂಡಿಗಳೂ ಅಲ್ಲೇ ಹತ್ತಿರದಲ್ಲಿದ್ದವು. ಕಣ್ಣು ಮುಂದೆ ಇಟ್ಟು, ಕೈ ಹಿಂದೆ ಚಾಚಿ, ತಡಕಿ ಹುಡುಕಬೇಕು. ಒಂದಕ್ಕೆ ಇನ್ನೊಂದನ್ನು ಎಳೆದರೆ ಇಂಜಿನು ನಿಂತಿತು. ಇಂಥದನ್ನು ಎಳೆದವನ ತಪ್ಪು ಎಂದು ಬರೆದುಬಿಡುವುದು ಸುಲಭ. ಕುದಿಯುವ ಎಣ್ಣೆಯ ಬಾಣಲೆಯನ್ನು ಓಡಾಡುವ ದಾರಿಯಲ್ಲಿಟ್ಟು, ಹೊಸದಾಗಿ ಬಂದ ಮಾಣಿ ಸುಟ್ಟುಕೊಂಡರೆ “ಹುಡುಗ ಜಾಗ್ರತೆ ಸಾಲದು” ಎನ್ನುವುದನ್ನು ನಾವು ಕೇಳಿಲ್ಲವೇ? ಬಾಣಲೆ ಅಲ್ಲಿ ಇಟ್ಟವರು ಯಾರು ಎಂಬ ಪ್ರಶ್ನೆ ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಇನ್ನೊಂದು ಸಂಗತಿ. ತರಬೇತಿಗೆ ಕೊಡುತ್ತಿದ್ದ ವಿಮಾನಗಳು ಹಲವು ವೇಳೆ ಕಾಳಗದಲ್ಲಿ ಸವೆದು ಹಿಂದಕ್ಕೆ ಬಂದವು. ಸೆಡಾನ್‌ನಲ್ಲಿ ಸೋತ ಬ್ಯಾಟಲ್ ವಿಮಾನಗಳನ್ನೂ ನೂರುಗಟ್ಟಲೆ ಕೆನಡಾ, ಆಸ್ಟ್ರೇಲಿಯಾಗಳಿಗೆ ಕಲಿಕೆಗಾಗಿ ಸಾಗಿಸಿದರು. ಹಳೆಯ ಯಂತ್ರ, ಹೊಸ ಕೈ, ಮಂಜು, ಕತ್ತಲೆ, ಬೆಟ್ಟ, ಮೇಲಿನಿಂದ “ಬೇಗ ಕಲಿಸಿ ಕಳುಹಿಸಿ” ಎಂಬ ಒತ್ತಾಯ. ಇವೆಲ್ಲ ಕೂಡಿದರೆ ಏನಾಗಬೇಕೋ ಅದಾಯಿತು. ದೊಡ್ಡ ಸಣ್ಣ ಎಲ್ಲ ವಿಮಾನ ಸೇರಿ ಬ್ರಿಟಿಷ್ ಬಾಂಬರು ಪಡೆಯಲ್ಲಿ ಹಾರಿದವರು ಸುಮಾರು 1,25,000, ಸತ್ತವರು 55,573. ಇವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ತರಬೇತಿಯಲ್ಲಿ, ಇತರ ಅಪಘಾತಗಳಲ್ಲಿ ಸತ್ತವರು. ಶತ್ರುವಿನ ಗುಂಡು ಅವರಿಗೆ ತಗುಲಲಿಲ್ಲ. ಅವರ ಮನೆಗಳಿಗೂ ತಂತಿ ಹೋಯಿತು. ಆ ತಾಯಂದಿರಿಗೆ ಪಕ್ಕದ ಮನೆಯವರು “ನಿಮ್ಮ ಮಗ ಎಲ್ಲಿ ಕಾದಾಡಿದ?” ಎಂದು ಕೇಳಿದರೆ ಹೇಳಲು ಊರಿನ ಹೆಸರಿರಲಿಲ್ಲ.

ಸಾಯದೆ ಉಳಿದವರ ಮಾತನ್ನೂ ಹೇಳಬೇಕು. ಬೆಂಕಿಯೊಡನೆ ದಿನವೂ ಇರುವ ನಮ್ಮವರಿಗೆ ಇದು ಮನಸ್ಸಿಗೆ ಹತ್ತುವ ವಿಷಯ. ಪೆಟ್ರೋಲು ಹೊತ್ತಿ ಮುಖ, ಕೈ ಸುಟ್ಟುಹೋದ ವೈಮಾನಿಕರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೊ ಎಂಬ ವೈದ್ಯ ಚಿಕಿತ್ಸೆ ಮಾಡುತ್ತಿದ್ದ. ಸುಟ್ಟು ಸಮುದ್ರಕ್ಕೆ ಬಿದ್ದವರ ಗಾಯ ನೆಲಕ್ಕೆ ಬಿದ್ದವರ ಗಾಯಕ್ಕಿಂತ ಚೆನ್ನಾಗಿ ಮಾಯುವುದನ್ನು ಅವನು ಗಮನಿಸಿದ. ಗಾಯದ ಮೇಲೆ ಗಟ್ಟಿಯಾಗಿ ಕೂರುವ ಟ್ಯಾನಿಕ್ ಆಮ್ಲದ ಲೇಪವನ್ನು ಬಿಡಿಸಿ, ಉಪ್ಪುನೀರಿನ ಸ್ನಾನವನ್ನು ತಂದ. 1941ರಲ್ಲಿ ಆ ರೋಗಿಗಳೇ ಸೇರಿ ಒಂದು ಸಂಘ ಕಟ್ಟಿದರು. ಪ್ರಯೋಗಕ್ಕೆ ಸಿಕ್ಕ ಗಿನಿಹಂದಿಗಳು ನಾವು ಎಂದು ನಗುತ್ತ ಅದಕ್ಕೆ ‘ಗಿನಿ ಪಿಗ್ ಕ್ಲಬ್’ ಎಂದೇ ಹೆಸರಿಟ್ಟರು. ಓಡಿಹೋಗಲಾರನೆಂದು ಕಾಲು ಸುಟ್ಟವನನ್ನು ಖಜಾಂಚಿ ಮಾಡಿದರಂತೆ! ಯುದ್ಧ ಮುಗಿಯುವಾಗ 649 ಸದಸ್ಯರಿದ್ದರು. ಮೊದಮೊದಲು ಕಾಳಗದ ವಿಮಾನದವರು ಹೆಚ್ಚು. ಕೊನೆಗೆ ಬಾಂಬರಿನವರೇ ಹೆಚ್ಚು. ಮೆಕಿಂಡೊ ಅವರನ್ನು ಊರಿನೊಳಗೆ ಕಳುಹಿಸುತ್ತಿದ್ದ. ಊರಿನ ಜನರೂ ಅವರ ಮುಖ ನೋಡಿ ತಿರುಗಿಕೊಳ್ಳದೆ, ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಔಷಧದಷ್ಟೇ ದೊಡ್ಡ ಉಪಕಾರ ಅದು.

ಇದೆಲ್ಲ ದೂರದ ಯೂರೋಪಿನ ಕಥೆಯೆಂದು ತಿಳಿಯಬೇಡಿ. ಬ್ಲೆನ್‌ಹೈಮ್‌ಗಳು ನಮ್ಮ ಸಮುದ್ರದ ಮೇಲೂ ಬಿದ್ದಿವೆ. 1942ರ ಏಪ್ರಿಲ್ 9ರಂದು ಜಪಾನೀಯರ ವಿಮಾನವಾಹಕ ನೌಕೆಗಳು ಸಿಂಹಳದ ತ್ರಿಂಕೋಮಲೆಯ ಮೇಲೆ ದಾಳಿ ಮಾಡಿದಾಗ, 11ನೆಯ ದಳದ ಒಂಬತ್ತು ಬ್ಲೆನ್‌ಹೈಮ್‌ಗಳು ಆ ನೌಕೆಗಳನ್ನು ಹುಡುಕಿಕೊಂಡು ಹೋದವು. ಬಾಂಬು ತಾಗಲಿಲ್ಲ. ಐದು ವಿಮಾನ ಕಳೆದವು.

ನಮ್ಮ ಬೆಂಗಳೂರಿಗೂ ಈ ಕಥೆ ತಟ್ಟುತ್ತದೆ. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅಲ್ಲಿ ಮೊದಲು ಜೋಡಿಸಿದ ವಿಮಾನಗಳಲ್ಲಿ ಅಮೆರಿಕದ ವಲ್ಟೀ ಬಾಂಬರೂ ಒಂದು. ಅದೇ ವಲ್ಟೀ ಕಂಪನಿಯ ವೆಂಜನ್ಸ್ ಎಂಬ ಇಬ್ಬರು ಕೂರುವ ಬಾಂಬರನ್ನು ಭಾರತೀಯ ವಾಯುಪಡೆಯ 7 ಮತ್ತು 8ನೆಯ ದಳಗಳು ಬರ್ಮಾ ಯುದ್ಧದಲ್ಲಿ ಹಾರಿಸಿದವು. ಬೆಂಗಳೂರಿನ ಪಕ್ಕದ ಯಲಹಂಕದಲ್ಲಿ 1944ರಲ್ಲಿ ಬ್ರಿಟಿಷರು ಮಸ್ಕಿಟೊ ಎಂಬ ಹೊಸ ಹಗುರ ಬಾಂಬರನ್ನು ಕಲಿಸುವ ಘಟಕವನ್ನಿಟ್ಟರು.

ಮಸ್ಕಿಟೊ ಮರದ ವಿಮಾನ. ಬಾಲ್ಸಾ ಎಂಬ ಹಗುರ ಮರವನ್ನು ನಡುವೆ ಇಟ್ಟು, ಎರಡೂ ಕಡೆ ಬರ್ಚ್ ಪ್ಲೈವುಡ್ ಹಾಕಿ, ಅಂಟಿನಿಂದ ಬೆಸೆದು ಮಾಡಿದ್ದು. ಕುರ್ಚಿ ಮೇಜು ಮಾಡುವ ಬಡಗಿಗಳೂ ಅದರ ಭಾಗಗಳನ್ನು ಮಾಡಿದರು. ಇಬ್ಬರೇ ಜನ. ಬಾಂಬರಿನ ಮಾದರಿಯಲ್ಲಿ ಬಂದೂಕೇ ಇಲ್ಲ. 1935ರ ಅದೇ ಹಳೆಯ ಲೆಕ್ಕ: ವೇಗವೇ ರಕ್ಷಣೆ. ಈ ಸಲ ಲೆಕ್ಕ ಸರಿಬಂತು. ಅದು ನಿಜವಾಗಿಯೂ ಶತ್ರುವಿಗಿಂತ ವೇಗವಾಗಿ ಓಡಿತು. ಅದರ ಕಾಳಗದ ನಷ್ಟ ಬಹಳ ಕಡಿಮೆಯಾಯಿತು. ಅಂದ ಮೇಲೆ ಹಗುರ ವಿಮಾನವೆಂಬುದೇ ತಪ್ಪಲ್ಲ. ಕಾಗದದ ಮೇಲಿನ ವೇಗವನ್ನು ಆಕಾಶದ ವೇಗವೆಂದು ನಂಬಿದ್ದು ತಪ್ಪು.

ಆದರೆ ಭಾರತದಲ್ಲಿ ಮಸ್ಕಿಟೊಗಳಿಗೆ ಬೇರೆ ಗಂಡಾಂತರ ಕಾದಿತ್ತು. 1944ರ ಮಳೆಗಾಲ ಕಳೆದ ಮೇಲೆ, ಅಭ್ಯಾಸದ ಹಾರಾಟಗಳಲ್ಲೇ ಕೆಲವು ವಿಮಾನಗಳು ಆಕಾಶದಲ್ಲಿ ಒಡೆದು ಬಿದ್ದವು. ನವೆಂಬರಿನಲ್ಲಿ ಇಲ್ಲಿನ ಮಸ್ಕಿಟೊಗಳನ್ನೆಲ್ಲ ನೆಲಕ್ಕಿಳಿಸಿ ತಪಾಸಣೆ ಮಾಡಿದರು. ಆಗ ಇಲ್ಲಿದ್ದ ಮಸ್ಕಿಟೊ ದಳಗಳಲ್ಲಿ ಒಂದು ಯಾವುದು ಬಲ್ಲಿರಾ? ಅದೇ 82ನೆಯ ದಳ. ಜಾಂಬ್ಲೂ, ಆಲ್‌ಬೋರ್ಗ್‌ಗಳಲ್ಲಿ ಎರಡು ಸಲ ಅಳಿದು ಮತ್ತೆ ಹುಟ್ಟಿದ ದಳ, 1942ರಲ್ಲಿ ಭಾರತಕ್ಕೆ ಬಂದಿತ್ತು.

ವಿಚಾರಣೆಗೆ ಬಂದ ಮೊದಲ ತಂಡದವರು, ದೋಷ ಅಂಟಿನದಲ್ಲ, ನಿಮ್ಮ ದೇಶದ ಮಳೆಗಾಲದಲ್ಲಿ ಮರ ಹಿಗ್ಗಿ ಕುಗ್ಗಿದ್ದೇ ಕಾರಣ ಎಂದರು. ಹವೆಯ ಮೇಲೆ ಹಾಕಿದರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮತ್ತೆ ತಪಾಸಣೆ ನಡೆಯಿತು. ಮಳೆಗಾಲವನ್ನೇ ಕಾಣದೆ ಇಂಗ್ಲೆಂಡಿನಲ್ಲೇ ಇದ್ದ ಮಸ್ಕಿಟೊಗಳ ರೆಕ್ಕೆಗಳನ್ನು ಬಿಚ್ಚಿ ನೋಡಿದರು. ಅಲ್ಲೂ ಅದೇ ದೋಷ ಸಿಕ್ಕಿತು. ಕಾರ್ಖಾನೆಯಲ್ಲಿ ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಬಳಿಕ ರೆಕ್ಕೆಯ ಸಂದಿನ ಮೇಲೆ ಪ್ಲೈವುಡ್ಡಿನ ಪಟ್ಟಿ ಅಂಟಿಸಿ ಮುಚ್ಚುವ ತಿದ್ದುಪಡಿ ಮಾಡಿದರು. ಎರಡನೆಯ ಸಲ ಬಿಚ್ಚಿ ನೋಡಿದ್ದರಿಂದ ತಾನೇ ನಿಜ ಹೊರಬಿದ್ದದ್ದು? ಮೊದಲ ವರದಿಗೆ ಸುಮ್ಮನಾಗಿದ್ದರೆ ಇನ್ನೆಷ್ಟು ಹುಡುಗರು ನಮ್ಮ ಮಳೆಯ ಹೆಸರಿನಲ್ಲಿ ಸಾಯುತ್ತಿದ್ದರೋ!

ಸ್ವಾತಂತ್ರ್ಯದ ನಂತರದ ಒಂದು ಮಾತು ಹೇಳಿ ಮುಗಿಸುತ್ತೇನೆ. 1957ರಿಂದ ನಮ್ಮ ವಾಯುಪಡೆಯಲ್ಲಿ ಕ್ಯಾನ್‌ಬರಾ ಎಂಬ ಜೆಟ್ ಬಾಂಬರು ಇತ್ತು. ಪುಣೆಯವರಿಗೂ ಆಗ್ರಾದವರಿಗೂ ಅದರ ಸದ್ದು ಪರಿಚಯ. 1961ರಲ್ಲಿ ಗೋವಾದ ದಾಬೋಲಿಮ್ ನಿಲ್ದಾಣದ ಮೇಲೆ ಹೋದದ್ದು ಅದೇ. ಐವತ್ತು ವರ್ಷ ದುಡಿದು 2007ರಲ್ಲಿ ನಿವೃತ್ತಿ ಹೊಂದಿತು. ಅದರ ಬಾಂಬರು ಮಾದರಿಯಲ್ಲಿ ಇಬ್ಬರು ಕೂರುತ್ತಿದ್ದರು. ಅಪಾಯ ಬಂದಾಗ ಮನುಷ್ಯನನ್ನು ಹೊರಕ್ಕೆ ಎಸೆದು ಉಳಿಸುವ ಆಸನ ಪೈಲಟನಿಗೆ ಇತ್ತು. ದಾರಿ ಹೇಳುವವನಿಗೆ ಇರಲಿಲ್ಲ. ಅವನು ಎದ್ದು ಬಾಗಿಲ ಬಳಿಗೆ ಬಂದು ಧುಮುಕಬೇಕು. ವಿಮಾನ ಗಿರ್ರನೆ ಸುತ್ತುತ್ತ ಬೀಳುವಾಗ ಅಷ್ಟು ವೇಳೆ ಯಾರು ಕೊಡುತ್ತಾರೆ? ರೆನಾಲ್ಡ್ಸ್ ಸತ್ತ ಎಷ್ಟೋ ವರ್ಷಗಳ ಮೇಲೆ ಕಟ್ಟಿದ ವಿಮಾನ ಇದು. ಇದರಲ್ಲೂ ಜೊತೆಗಾರನ ಜೀವದ ಬಗ್ಗೆ ಯೋಚನೆ ಎರಡನೆಯದಾಗಿತ್ತು. ಅಂಥ ಆಸನದಲ್ಲಿ ನಮ್ಮ ದೇಶದ ಮಕ್ಕಳು ಕುಳಿತು ಹಾರಿದರು.

ಬಂಧುಗಳೇ, ನಾನು ಇಷ್ಟು ಅಂಕಿಗಳನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಪತ್ರಿಕೆಯಲ್ಲಿ ಯಾವ ಅಪಘಾತದ ಸುದ್ದಿ ಓದಿದರೂ, ಅದು ವಿಮಾನದ್ದಿರಲಿ, ಗಿರಣಿಯದಿರಲಿ, ಅಡಿಗೆಮನೆಯದಿರಲಿ, ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಆಗಬೇಕು. ಒಂದು, ಯಾರ ಲೆಕ್ಕದ ಮೇಲೆ ಈ ಕೆಲಸ ನಡೆದಿತ್ತು, ಆ ಲೆಕ್ಕ ಹಳೆಯದಾಗಿತ್ತೇ? ಎರಡು, ಸತ್ತವನಿಗೆ ಕಲಿಯಲು ಎಷ್ಟು ದಿನ ಕೊಟ್ಟಿದ್ದರು? ಮೂರು, “ಅವನ ಅಜಾಗ್ರತೆ” ಅಥವಾ “ಹವೆಯ ದೋಷ” ಎಂದು ಬರೆದಿದ್ದರೆ, ಯಂತ್ರವನ್ನು ಬಿಚ್ಚಿ ನೋಡಿದ ಮೇಲೆ ಬರೆದದ್ದೇ, ನೋಡುವ ಮೊದಲೇ? ನಾಲ್ಕು, ಅಲ್ಲಿ ಇನ್ನೂ ಒಬ್ಬನಿದ್ದನೇ, ಅವನ ಹೆಸರೇನು?

ಲಂಡನ್ನಿನ ಪಶ್ಚಿಮಕ್ಕೆ ರನ್ನಿಮೀಡ್ ಎಂಬಲ್ಲಿ 1953ರಲ್ಲಿ ತೆರೆದ ಒಂದು ಸ್ಮಾರಕವಿದೆ. ಹೆಣವೂ ಸಿಗದೆ ಹೋದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೈಮಾನಿಕರ ಹೆಸರು ಅದರ ಗೋಡೆಗಳ ಮೇಲಿದೆ. ಕಾದಾಡಿ ಸತ್ತವನೂ, ಕಲಿಯುವಾಗ ಕಡಲಿಗೆ ಬಿದ್ದವನೂ, ಪೈಲಟನೂ, ಹಿಂದಿನ ಬಂದೂಕಿನವನೂ ಅಲ್ಲಿ ಒಂದೇ ಸಾಲಿನಲ್ಲಿ ಇದ್ದಾರೆ. ಹೆಸರು ಬರೆದರೆ ಹೋದವರು ಮರಳುವುದಿಲ್ಲ, ನಿಜ. ಆದರೆ ಹೆಸರು ಬರೆದಲ್ಲಿ ಯಾರಾದರೂ ಒಬ್ಬರು ನಿಂತು ಓದುತ್ತಾರೆ, ಇವನು ಹೇಗೆ ಸತ್ತ ಎಂದು ಕೇಳುತ್ತಾರೆ. ಅಷ್ಟಕ್ಕಾದರೂ ಬರೆದಿಡಬೇಕು.